ನಾಯಿಯ ನೆಮ್ಮದಿಗೆ ಸುಗಂಧ ತೈಲ: ಪುರಾವೆ ಇರುವುದು ಗಾಳಿಯಲ್ಲಿನ ವಾಸನೆಗೆ, ಮಾರಾಟ ನಡೆಯುವುದು ಮೈಗೆ ಹಚ್ಚಲು

ದೀಪಾವಳಿ ಸಮೀಪಿಸುತ್ತಿದ್ದಂತೆ ನಾಯಿ ಸಾಕಿದ ಮನೆಗಳಲ್ಲಿ ಪಟಾಕಿಯ ಚಿಂತೆ ಶುರುವಾಗುತ್ತದೆ. ಮಂಚದ ಕೆಳಗೆ ನುಸುಳಿ ನಡುಗುವ, ಊಟ ಬಿಡುವ, ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವ ನಾಯಿಯನ್ನು ನೋಡಿದವರಿಗೆ ಅದರ ಸಂಕಟ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಸಂಕಟಕ್ಕೆ ಪರಿಹಾರವೆಂದು ಈಗ ಲ್ಯಾವೆಂಡರ್ ಸ್ಪ್ರೇ, ಕಿವಿಯ ಹಿಂದೆ ಸವರುವ ರೋಲ್-ಆನ್, ಕೊರಳಪಟ್ಟಿಗೆ ಹಾಕುವ ಹನಿಗಳು, ಮನೆಯಿಡೀ ಪರಿಮಳ ಹರಡುವ ಡಿಫ್ಯೂಸರ್ ಮುಂತಾದವು ಸಾಕುಪ್ರಾಣಿ ಅಂಗಡಿಗಳಲ್ಲೂ ಆನ್‌ಲೈನ್ ಮಾರಾಟ ತಾಣಗಳಲ್ಲೂ ಧಾರಾಳವಾಗಿ ಸಿಗುತ್ತಿವೆ. ಗಿಡಮೂಲಿಕೆಯದು, ರಾಸಾಯನಿಕವಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ಭರವಸೆ ಇವೆಲ್ಲವುಗಳ ಜೊತೆಗೇ ಬರುತ್ತದೆ. ಪ್ರೀತಿಯಿಂದ ನಾಯಿ ಸಾಕಿದವರು ಈ ಭರವಸೆಯನ್ನು ನಂಬುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅದನ್ನು ಕೊಂಚ ನಿಧಾನವಾಗಿ ಪರೀಕ್ಷಿಸಬೇಕಾಗಿದೆ. ಕೆಲವು ವಾಸನೆಗಳು ನಾಯಿಯ ವರ್ತನೆಯನ್ನು ಸ್ವಲ್ಪ ಬದಲಿಸುತ್ತವೆ ಎಂಬುದಕ್ಕೆ ಪುರಾವೆ ಇರುವುದು ನಿಜ. ಆ ಪುರಾವೆ ಗಾಳಿಯಲ್ಲಿ ತೇಲಿಬರುವ ತೆಳುವಾದ ವಾಸನೆಗೆ ಸಂಬಂಧಿಸಿದ್ದು. ಅದರ ಹೆಸರಿನಲ್ಲಿ ಮಾರಾಟವಾಗುತ್ತಿರುವುದು ಮಾತ್ರ ಮೈಗೆ ಹಚ್ಚುವ, ಕುಡಿಯುವ ನೀರಿಗೆ ಬೆರೆಸುವ ಗಾಢ ದ್ರವ. ಇವೆರಡರ ನಡುವಿನ ಅಂತರವನ್ನು ಗಮನಿಸದೆ ಹೋದಾಗಲೇ ನಾಯಿಗಳು ಆಸ್ಪತ್ರೆ ಸೇರುತ್ತಿರುವುದು.

ಮೊದಲಿಗೆ ಈ ತೈಲ ಎಂದರೇನು ಎಂಬುದು ಸ್ಪಷ್ಟವಾಗಬೇಕು. ಒಂದು ಬಿಳಿ ಕಾಗದದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆಯನ್ನೂ ಅದರ ಪಕ್ಕದಲ್ಲಿ ಒಂದು ಹನಿ ನೀಲಗಿರಿ ಎಣ್ಣೆಯನ್ನೂ ಹಾಕಿ ಬಿಟ್ಟರೆ, ಮರುದಿನ ಕೊಬ್ಬರಿ ಎಣ್ಣೆಯ ಜಿಡ್ಡಿನ ಕಲೆ ಹಾಗೆಯೇ ಉಳಿದಿರುತ್ತದೆ. ನೀಲಗಿರಿ ಎಣ್ಣೆ ಬಹುಪಾಲು ಆವಿಯಾಗಿ ಹೋಗಿರುತ್ತದೆ. ಕೊಬ್ಬರಿ, ಹರಳು, ಬೇವು, ಹೊಂಗೆ ಇವುಗಳ ಎಣ್ಣೆ ಬೀಜ ಅಥವಾ ಕಾಯಿಯನ್ನು ಹಿಂಡಿ ತೆಗೆದ ಕೊಬ್ಬು. ನೀಲಗಿರಿ, ಮಜ್ಜಿಗೆ ಹುಲ್ಲು, ಲವಂಗ, ಶ್ರೀಗಂಧ, ಲ್ಯಾವೆಂಡರ್ ಇವುಗಳ ತೈಲ ಸಾಮಾನ್ಯವಾಗಿ ಉಗಿ ಹಾಯಿಸಿ ಬಟ್ಟಿ ಇಳಿಸಿದ ಸಾರ. ನೂರು ಕಿಲೋ ಹಸಿ ಮಜ್ಜಿಗೆ ಹುಲ್ಲಿನಿಂದ ದೊರೆಯುವ ತೈಲ ಸುಮಾರು ಅರ್ಧ ಕಿಲೋ ಮಾತ್ರ. ಅಂದರೆ ಗಿಡದಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದ ವಸ್ತು ಸೀಸೆಯಲ್ಲಿ ನೂರಾರು ಪಟ್ಟು ಗಾಢವಾಗಿ ನಿಂತಿರುತ್ತದೆ. ಗಿಡವು ಆ ವಸ್ತುಗಳನ್ನು ತಯಾರಿಸುವುದು ಬಹುಮಟ್ಟಿಗೆ ಕೀಟಗಳನ್ನೂ ಶಿಲೀಂಧ್ರಗಳನ್ನೂ ಮೇಯುವ ಪ್ರಾಣಿಗಳನ್ನೂ ದೂರವಿಡಲೆಂದೇ. ಗಿಡಮೂಲದ್ದು ಎಂಬ ಮಾತು ಅದರ ಹುಟ್ಟಿನ ಬಗ್ಗೆ ಹೇಳುತ್ತದೆಯೇ ಹೊರತು ಸುರಕ್ಷತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕೊಬ್ಬಿನಲ್ಲಿ ಸುಲಭವಾಗಿ ಕರಗುವುದು ಈ ತೈಲಗಳ ಮುಖ್ಯ ಗುಣ. ಆದ್ದರಿಂದ ಅವು ಚರ್ಮದ ಮೂಲಕವೂ ಬಾಯಿ, ಮೂಗುಗಳ ಒಳಪೊರೆಯ ಮೂಲಕವೂ ಬೇಗನೆ ರಕ್ತಕ್ಕೆ ಸೇರುತ್ತವೆ, ಮೆದುಳನ್ನೂ ತಲುಪುತ್ತವೆ. ನಾಯಿಯ ಮೈತುಂಬ ತುಪ್ಪಳವಿರುವುದರಿಂದ ಅದರ ಚರ್ಮ ದಪ್ಪವೆಂದು ನಮಗೆ ಅನಿಸುತ್ತದೆ. ವಾಸ್ತವದಲ್ಲಿ ಅದರ ಹೊರಚರ್ಮದಲ್ಲಿ ಜೀವಕೋಶಗಳ ಪದರ 3ರಿಂದ 5 ಮಾತ್ರ. ಮನುಷ್ಯನಲ್ಲಿ ಅದು 10ರಿಂದ 15. ಮೇಲಾಗಿ ನಾಯಿ ತನ್ನ ಮೈಯನ್ನು ನೆಕ್ಕಿಕೊಳ್ಳುತ್ತದೆ. ಮೈಗೆ ಹಚ್ಚಿದ್ದು ಮೈಯಲ್ಲಷ್ಟೇ ಉಳಿಯುತ್ತದೆ ಎಂದು ಲೆಕ್ಕ ಹಾಕುವುದು ಮನುಷ್ಯರ ಮಟ್ಟಿಗೆ ಸರಿ. ನಾಯಿಯ ವಿಷಯದಲ್ಲಿ ಹಚ್ಚಿದ್ದೆಲ್ಲವೂ ಸ್ವಲ್ಪ ಹೊತ್ತಿನಲ್ಲಿ ಹೊಟ್ಟೆಗೂ ಹೋಗುತ್ತದೆ ಎಂದೇ ಭಾವಿಸಬೇಕು.

ಇನ್ನು ಪುರಾವೆಯ ವಿಚಾರ. ತೈಲ ಮಾರುವವರು ಸಾಮಾನ್ಯವಾಗಿ ಉಲ್ಲೇಖಿಸುವ ಅಧ್ಯಯನಗಳು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಕ್ವೀನ್ಸ್ ವಿಶ್ವವಿದ್ಯಾಲಯದಿಂದ ಬಂದವು. ಡೆಬೊರಾ ವೆಲ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನಾಥ ನಾಯಿಗಳ ಆಶ್ರಯಧಾಮವೊಂದರ 55 ನಾಯಿಗಳ ಸುತ್ತ ಲ್ಯಾವೆಂಡರ್, ಕ್ಯಾಮೊಮೈಲ್, ರೋಸ್‌ಮೇರಿ, ಪೆಪ್ಪರ್‌ಮಿಂಟ್ ವಾಸನೆಗಳನ್ನು ಬೇರೆ ಬೇರೆಯಾಗಿ, ದಿನಕ್ಕೆ ನಾಲ್ಕು ಗಂಟೆಯಂತೆ ಐದು ದಿನ ಹರಡಲಾಯಿತು. ಒಂದು ವಾಸನೆಗೂ ಇನ್ನೊಂದಕ್ಕೂ ನಡುವೆ ಎರಡು ದಿನಗಳ ಬಿಡುವಿತ್ತು. ಲ್ಯಾವೆಂಡರ್ ಮತ್ತು ಕ್ಯಾಮೊಮೈಲ್ ವಾಸನೆಯಿದ್ದಾಗ ನಾಯಿಗಳು ಹೆಚ್ಚು ಹೊತ್ತು ಮಲಗಿದ್ದವು, ಕಡಿಮೆ ಬೊಗಳಿದವು. ರೋಸ್‌ಮೇರಿ ಮತ್ತು ಪೆಪ್ಪರ್‌ಮಿಂಟ್ ಇದ್ದಾಗ ಇದಕ್ಕೆ ವಿರುದ್ಧವಾಗಿ ಹೆಚ್ಚು ಓಡಾಡಿದವು, ಹೆಚ್ಚು ಬೊಗಳಿದವು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕಾರಿನಲ್ಲಿ ಕೂರಿಸಿದರೆ ಗಾಬರಿಯಾಗಿ ಎಗರಾಡುವ 32 ಸಾಕುನಾಯಿಗಳು ಕಾರಿನೊಳಗೆ ಲ್ಯಾವೆಂಡರ್ ವಾಸನೆಯಿದ್ದಾಗ ಹೆಚ್ಚು ಹೊತ್ತು ಕುಳಿತು ಅಥವಾ ಮಲಗಿ ಪ್ರಯಾಣಿಸಿದವು.

ಈ ಫಲಿತಾಂಶಗಳನ್ನು ತಳ್ಳಿಹಾಕುವ ಅಗತ್ಯವಿಲ್ಲ. ಜನದಟ್ಟಣೆ, ಗದ್ದಲಗಳ ನಡುವೆ ಬದುಕುವ ಆಶ್ರಯಧಾಮದ ನಾಯಿಗೆ ಸ್ವಲ್ಪ ಹೆಚ್ಚು ವಿಶ್ರಾಂತಿ ಸಿಕ್ಕರೂ ಅದು ಬೆಲೆಯುಳ್ಳದ್ದೇ. ಆದರೆ ಇವು ಏನನ್ನು ಹೇಳುವುದಿಲ್ಲ ಎಂಬುದನ್ನೂ ಅಷ್ಟೇ ಗಮನವಿಟ್ಟು ನೋಡಬೇಕು. ಎರಡರಲ್ಲಿಯೂ ನಾಯಿಗೆ ತಲುಪಿದ್ದು ಗಾಳಿಯಲ್ಲಿನ ವಾಸನೆ. ಯಾರೂ ತೈಲವನ್ನು ಬಾಯಿಗೆ ಹಾಕಲಿಲ್ಲ. ಸಂಖ್ಯೆ ಚಿಕ್ಕದು, ಅವಧಿಯೂ ಚಿಕ್ಕದು. ಪಟಾಕಿ, ಗುಡುಗುಗಳ ಭಯಕ್ಕೆ ಲ್ಯಾವೆಂಡರ್ ಮದ್ದು ಎಂದು ಅವು ತೋರಿಸಿಕೊಟ್ಟಿಲ್ಲ. ಕಾರಿನ ಗಡಿಬಿಡಿಯೇ ಬೇರೆ, ನಾಲ್ಕು ದಿಕ್ಕಿನಿಂದ ಸಿಡಿಯುವ ಸದ್ದಿಗೆ ಉಂಟಾಗುವ ದಿಗಿಲೇ ಬೇರೆ. ಇನ್ನೂ ಒಂದು ಸಂಗತಿಯಿದೆ, ಇದನ್ನು ಮಾರಾಟಗಾರರು ಹೇಳಿದ್ದನ್ನು ನಾನಂತೂ ಕೇಳಿಲ್ಲ: ಅದೇ ಅಧ್ಯಯನದಲ್ಲಿ ನಾಯಿಯನ್ನು ಕೆರಳಿಸಿದ ರೋಸ್‌ಮೇರಿ, ಪೆಪ್ಪರ್‌ಮಿಂಟ್‌ಗಳು ‘ನೆಮ್ಮದಿ’ಯ ಹೆಸರಿನ ಮಿಶ್ರಣಗಳಲ್ಲಿ ಲ್ಯಾವೆಂಡರ್ ಜೊತೆಗೇ ಸೇರಿರುವುದುಂಟು. ಅಧ್ಯಯನ ಓದಿ ಸರಕು ತಯಾರಿಸಿದ್ದರೆ ಹೀಗಾಗುತ್ತಿರಲಿಲ್ಲ.

ಮೈಗೆ ಹಚ್ಚುವುದರ ಬಗ್ಗೆ ನಮಗಿರುವ ದೊಡ್ಡ ದಾಖಲೆ ಬೇರೆಯೇ ಕಥೆ ಹೇಳುತ್ತದೆ. ಪ್ರಾಣಿಹಿಂಸೆ ತಡೆಗೆ ದುಡಿಯುವ ಅಮೆರಿಕದ ಎಎಸ್‌ಪಿಸಿಎ ಸಂಸ್ಥೆ ನಡೆಸುವ ಪ್ರಾಣಿ ವಿಷ ನಿಯಂತ್ರಣ ಕೇಂದ್ರಕ್ಕೆ 2002ರಿಂದ 2012ರವರೆಗೆ ಬಂದ ಕರೆಗಳಲ್ಲಿ ಗಾಢ ಟೀ ಟ್ರೀ ಎಣ್ಣೆಗೆ (ಆಸ್ಟ್ರೇಲಿಯಾ ಮೂಲದ ಮರವೊಂದರ ಎಲೆಯ ತೈಲ) ಸಂಬಂಧಿಸಿದವನ್ನು ಬೇರ್ಪಡಿಸಿ ಮಾಡಿದ ವಿಶ್ಲೇಷಣೆ 2014ರಲ್ಲಿ ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಪ್ರಾಣಿಗಳು 443. ಅವುಗಳಲ್ಲಿ ನಾಯಿಗಳು 337, ಬೆಕ್ಕುಗಳು 106. ಜೊಲ್ಲು ಸುರಿಸುವುದು, ಮಂಕಾಗುವುದು, ಹಿಂಗಾಲು ಸೋಲುವುದು, ಕುಡಿದವರಂತೆ ತೂರಾಡುವುದು, ನಡುಕ ಇವು ಮುಖ್ಯ ಲಕ್ಷಣಗಳು. ಬಹುತೇಕ ಪ್ರಾಣಿಗಳಲ್ಲಿ ಇವು 2ರಿಂದ 12 ಗಂಟೆಗಳೊಳಗೆ ಕಾಣಿಸಿಕೊಂಡು 72 ಗಂಟೆಗಳವರೆಗೂ ಉಳಿದವು. ಬಳಸಿದ ಪ್ರಮಾಣ 0.1 ಮಿಲಿಲೀಟರಿನಿಂದ 85 ಮಿಲಿಲೀಟರಿನವರೆಗೆ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಎಂದು ಲೆಕ್ಕ ಹಿಡಿದರೆ 0.1 ಮಿಲಿಲೀಟರ್ ಎಂದರೆ ಎರಡೇ ಹನಿ. ಈ ಸಂಖ್ಯೆಗಳಿಗಿಂತಲೂ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಅಂಶ: ಶೇ 89ರಷ್ಟು ಪ್ರಕರಣಗಳಲ್ಲಿ ಎಣ್ಣೆ ಆಕಸ್ಮಿಕವಾಗಿ ಚೆಲ್ಲಿದ್ದಲ್ಲ, ಪ್ರಾಣಿ ಕದ್ದು ನೆಕ್ಕಿದ್ದೂ ಅಲ್ಲ. ಚಿಗಟ, ತುರಿಕೆ, ಗಾಯ ವಾಸಿಯಾಗಲಿ ಎಂಬ ಕಾಳಜಿಯಿಂದಲೇ ಅದನ್ನು ಬೇಕೆಂದು ಬಳಸಲಾಗಿತ್ತು.

ಇದಕ್ಕೂ ಮುಂಚೆ, 1992ರಲ್ಲಿ, ಅದೇ ಪತ್ರಿಕೆಯಲ್ಲಿ ಒಂದು ನಾಯಿಯ ಸಾವಿನ ವರದಿ ಬಂದಿತ್ತು. ಚಿಗಟ ಹೋಗಲೆಂದು ಪುದೀನ ಜಾತಿಯ ಪೆನ್ನಿರಾಯಲ್ ಗಿಡದ ತೈಲವನ್ನು ಅದರ ಮೈಗೆ ಹಚ್ಚಿದ್ದರು. ಒಂದು ಗಂಟೆಯೊಳಗೆ ಮಂಕಾದ ನಾಯಿ ಆಮೇಲೆ ವಾಂತಿ ಮಾಡತೊಡಗಿ, ಎರಡು ದಿನಗಳಲ್ಲಿ ಸತ್ತಿತು. ತೈಲದಲ್ಲಿನ ಪ್ಯುಲೆಗೋನ್ ಎಂಬ ಅಂಶವನ್ನು ಒಡೆಯಲು ಹೋದ ಯಕೃತ್ತಿನಲ್ಲಿ ಅದಕ್ಕಿಂತ ಘೋರವಾದ ವಸ್ತು ಹುಟ್ಟಿ ಯಕೃತ್ತಿನ ಜೀವಕೋಶಗಳೇ ನಾಶವಾಗಿದ್ದವು. ವಿಷವನ್ನು ಹೊರಹಾಕುವ ಅಂಗವೇ ಮೊದಲು ಪೆಟ್ಟು ತಿನ್ನುತ್ತದೆ ಎಂಬುದು ಈ ಪ್ರಕರಣದಿಂದ ಚೆನ್ನಾಗಿ ತಿಳಿಯುತ್ತದೆ. ಮರಿಗಳಲ್ಲಿ, ಮುದಿ ನಾಯಿಗಳಲ್ಲಿ, ಯಕೃತ್ತಿನ ತೊಂದರೆಯಿರುವ ನಾಯಿಗಳಲ್ಲಿ ಅಪಾಯ ಹೆಚ್ಚಾಗುವುದೂ ಈ ಕಾರಣದಿಂದಲೇ.

ನಾಯಿಯ ತೂಕವನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಾಕುವ ಶಿಹ್ ತ್ಸು ಐದಾರು ಕಿಲೋ, ಪೊಮೆರೇನಿಯನ್ ಅದಕ್ಕಿಂತಲೂ ಕಡಿಮೆ ತೂಗುತ್ತದೆ. ಐದು ಕಿಲೋ ನಾಯಿಗೆ ಹಚ್ಚಿದ ಒಂದು ಮಿಲಿಲೀಟರ್, ತೂಕದ ಅನುಪಾತದಲ್ಲಿ, ಎಪ್ಪತ್ತು ಕಿಲೋ ಮನುಷ್ಯನ ಮೇಲೆ 14 ಮಿಲಿಲೀಟರ್ ಸುರಿದಂತೆ. ಅಂದರೆ ಅಂಗಡಿಯಲ್ಲಿ ಸಿಗುವ ಹತ್ತು ಮಿಲಿಲೀಟರಿನ ಸೀಸೆ ಒಂದೂವರೆಯಷ್ಟು. ನಮ್ಮ ಮೈಗೆ ಯಾರೂ ಹಾಗೆ ಸುರಿದುಕೊಳ್ಳುವುದಿಲ್ಲ.

ವಿದೇಶಿ ಸೀಸೆಗಳನ್ನಷ್ಟೇ ದೂರಿದರೆ ನಮ್ಮ ಮನೆಯೊಳಗಿನ ಅಪಾಯ ಮರೆಯಾಗುತ್ತದೆ. ಊಟಿಗೆ ಹೋದವರು ತರುವ ನೀಲಗಿರಿ ಎಣ್ಣೆ ಮತ್ತು ವಿಂಟರ್‌ಗ್ರೀನ್ ಎಣ್ಣೆ, ದೇವರ ಮನೆಯ ಕರ್ಪೂರ, ಹಲ್ಲುನೋವಿಗೆಂದು ಇಟ್ಟ ಲವಂಗದ ಎಣ್ಣೆ ಇವೆಲ್ಲ ನಾಯಿಗೂ ಬಳಕೆಯಾಗುತ್ತಿವೆ. ನೆಗಡಿಯಾದ ನಾಯಿಯ ಎದೆಗೆ ನೀಲಗಿರಿ ಎಣ್ಣೆ ಸವರುವುದು, ರಕ್ತ ಹೀರುವ ಉಣ್ಣೆ ಹತ್ತಿದ ನಾಯಿಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಹಚ್ಚುವುದು ನಮ್ಮಲ್ಲಿ ಬಹಳ ಕಡೆ ರೂಢಿ. ಕರ್ಪೂರ ಹೆಚ್ಚಾದರೆ ನಾಯಿಗೆ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆಯಲ್ಲಿನ ಸಿನಿಯೋಲ್ ಎಂಬ ಅಂಶ ಕೂಡ ನರಮಂಡಲದ ಮೇಲೆಯೇ ಕೆಲಸ ಮಾಡುತ್ತದೆ. ವಿಂಟರ್‌ಗ್ರೀನ್ ಎಣ್ಣೆ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್, ಅಂದರೆ ಆಸ್ಪಿರಿನ್‌ನ ಬಳಗಕ್ಕೆ ಸೇರಿದ ರಾಸಾಯನಿಕ. ನಾಯಿಯ ಹೊಟ್ಟೆಗೆ ಅದು ಸ್ವಲ್ಪ ಹೋದರೂ ಸಾಕು, ತೊಂದರೆಯಾಗುತ್ತದೆ. ಉಣ್ಣೆಯ ಸಮಸ್ಯೆಗೆ ಇನ್ನೊಂದು ಮುಖವೂ ಇದೆ. ಎರ್ಲಿಕಿಯೋಸಿಸ್, ಬೆಬೀಸಿಯೋಸಿಸ್ ಎಂಬ ಪ್ರಾಣಾಪಾಯದ ಜ್ವರಗಳನ್ನು ಹರಡುವುದು ಉಣ್ಣೆಗಳೇ. ಪರಿಮಳದ ಎಣ್ಣೆಯನ್ನು ನಂಬಿ, ಪಶುವೈದ್ಯರು ಕೊಡುವ ಉಣ್ಣೆನಾಶಕ ಮಾತ್ರೆ ಅಥವಾ ಹನಿಮದ್ದನ್ನು ಕೈಬಿಟ್ಟರೆ, ಎಣ್ಣೆ ನೇರವಾಗಿ ಕೆಡುಕು ಮಾಡದಿದ್ದರೂ ನಾಯಿ ಅಪಾಯಕ್ಕೆ ಸಿಕ್ಕಿದಂತೆಯೇ.

ಹಚ್ಚುವುದಿಲ್ಲ, ಡಿಫ್ಯೂಸರ್ ಮಾತ್ರ ಇಡುತ್ತೇವೆ ಎನ್ನುವವರಿಗೆ ಸಂಬಂಧಿಸಿ ಎರಡು ಮಾತು. ಡಿಫ್ಯೂಸರುಗಳೆಲ್ಲ ಒಂದೇ ಬಗೆಯವಲ್ಲ. ಕಡ್ಡಿ ಅದ್ದಿಟ್ಟ ಸೀಸೆ ವಾಸನೆಯನ್ನಷ್ಟೇ ಬಿಡುತ್ತದೆ, ನಾಯಿ ಅದನ್ನು ಉರುಳಿಸದಿದ್ದರೆ ಸರಿ. ಅಲ್ಟ್ರಾಸಾನಿಕ್ ಮತ್ತು ನೆಬ್ಯುಲೈಸರ್ ಮಾದರಿಯವು ಎಣ್ಣೆಯ ಸೂಕ್ಷ್ಮ ಹನಿಗಳನ್ನೇ ಗಾಳಿಗೆ ಎರಚುತ್ತವೆ. ಆ ಹನಿಗಳು ತುಪ್ಪಳದ ಮೇಲೆ, ಹಾಸಿಗೆಯ ಮೇಲೆ, ನೀರಿನ ಬಟ್ಟಲಿನಲ್ಲಿ ಕೂರುತ್ತವೆ, ಕೊನೆಗೆ ನಾಲಿಗೆಗೆ ಬರುತ್ತವೆ. ನಾಯಿಯ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು 20 ಕೋಟಿಗೂ ಮೇಲಿವೆ ಎಂದು ಅಂದಾಜು; ನಮ್ಮಲ್ಲಿ ಅವು 50–60 ಲಕ್ಷ. ನಮಗೆ ಹಿತವಾಗಿ ತೋರುವ ಪರಿಮಳದ ಪ್ರಮಾಣವನ್ನು ನಮ್ಮ ಮೂಗಿನಿಂದಲೇ ನಿರ್ಧರಿಸಿ, ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಓಡಿಸಿದರೆ, ಅಲ್ಲಿಂದ ಎದ್ದು ಹೋಗಲಾರದ ನಾಯಿಗೆ ಅದು ಉಪಶಮನವಾಗುವ ಬದಲು ಹಿಂಸೆಯಾಗಬಹುದು. ಮೊದಲೇ ಉಸಿರಾಟಕ್ಕೆ ಕಷ್ಟಪಡುವ ಪಗ್‌ನಂಥ ಚಪ್ಪಟೆ ಮೂತಿಯ ತಳಿಗಳಿಗೆ ಈ ಕಾಟ ಇನ್ನೂ ಹೆಚ್ಚು. ಮನೆಯಲ್ಲಿ ಬೆಕ್ಕೂ ಇದ್ದರೆ ಡಿಫ್ಯೂಸರ್ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಇಂಥ ತೈಲಗಳ ಅನೇಕ ಅಂಶಗಳನ್ನು ಗ್ಲುಕುರೊನಿಕ್ ಆಮ್ಲದೊಡನೆ ಬೆಸೆದು ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ.

ಈಗ ‘ನೆಮ್ಮದಿ’ ಎಂಬುದನ್ನು ನಾವು ಹೇಗೆ ಅಳೆಯುತ್ತೇವೆ ಎಂಬ ಪ್ರಶ್ನೆಗೆ ಬರೋಣ, ಏಕೆಂದರೆ ಈ ಇಡೀ ವ್ಯಾಪಾರ ನಿಂತಿರುವುದು ಅದರ ಮೇಲೆ. ಎಣ್ಣೆ ಸವರಿದ ಮೇಲೆ ನಾಯಿ ಬೊಗಳುವುದನ್ನು ನಿಲ್ಲಿಸಿ ಮೂಲೆಯಲ್ಲಿ ಮಲಗಿತು, ಆದ್ದರಿಂದ ಶಾಂತವಾಯಿತು ಎಂದು ಮನೆಯವರು ಸಂತೋಷಪಡುತ್ತಾರೆ. ಆದರೆ ಮಂಕಾಗಿ ಮಲಗುವುದು ಟೀ ಟ್ರೀ ಎಣ್ಣೆಯ ವಿಷದ ಮೊದಲ ಲಕ್ಷಣಗಳಲ್ಲೊಂದು ಎಂಬುದನ್ನು ಮೇಲೆ ನೋಡಿದೆವು. ನಿಜವಾಗಿ ನಿರಾಳವಾದ ನಾಯಿಯ ಮೈ ಸಡಿಲವಾಗಿರುತ್ತದೆ, ಕರೆದರೆ ಕಿವಿ ಆಡಿಸುತ್ತದೆ, ತಿನ್ನಲು ಕೊಟ್ಟರೆ ತಿನ್ನುತ್ತದೆ, ಎದ್ದಾಗ ಹೆಜ್ಜೆ ಸ್ಥಿರವಾಗಿರುತ್ತದೆ. ಎಣ್ಣೆ ಮುಟ್ಟಿಸಿದ ಹತ್ತಿಯನ್ನು ನಾಲ್ಕು ಅಡಿ ದೂರದಲ್ಲಿ ಹಿಡಿದಾಗ ನಾಯಿ ಏನು ಮಾಡುತ್ತದೆ ಎಂಬುದನ್ನು ಗಮನಿಸಿದರೂ ಬಹಳಷ್ಟು ತಿಳಿಯುತ್ತದೆ: ಮುಖ ತಿರುಗಿಸಿಕೊಳ್ಳುವುದು, ಹಸಿವಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಸೀನುವುದು, ಎದ್ದು ಬೇರೆ ಕೋಣೆಗೆ ಹೋಗುವುದು. ಇವೆಲ್ಲ ಅದು ಬೇಡ ಎನ್ನುವ ರೀತಿ. ಕೊರಳಪಟ್ಟಿಗೆ ಹಚ್ಚಿದ ವಾಸನೆಯಿಂದ ಅದು ದೂರ ಹೋಗುವಂತಿಲ್ಲ. ಹಚ್ಚುವುದಕ್ಕಿಂತ, ಕೋಣೆಯ ಒಂದು ಮೂಲೆಯಲ್ಲಿಟ್ಟು ಬಾಗಿಲು ತೆರೆದಿಡುವುದು ಮೇಲು ಎನ್ನುವುದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಪ್ರತಿಯಾಗಿ, ನಾಯಿಯೇ ತನಗೆ ಬೇಕಾದ ತೈಲವನ್ನು ಮೂಸಿ ಆರಿಸಿಕೊಳ್ಳುತ್ತದೆ, ಆದ್ದರಿಂದ ಅದರ ಆಯ್ಕೆಗೆ ಬಿಟ್ಟರೆ ಅಪಾಯವಿಲ್ಲ ಎಂಬ ವಾದವೊಂದು ಪ್ರಚಾರದಲ್ಲಿದೆ. ಬೇಡ ಎಂದು ನಾಯಿ ಹೇಳಿದಾಗ ನಾವು ಕೇಳಬೇಕು ಎಂಬಷ್ಟರ ಮಟ್ಟಿಗೆ ಇದು ಒಪ್ಪತಕ್ಕದ್ದು. ಬೇಕು ಎಂದದ್ದೆಲ್ಲ ಅದಕ್ಕೆ ಹಿತವೆಂದು ತಿಳಿಯುವುದು ಮಾತ್ರ ತಪ್ಪು. ಚಾಕೊಲೇಟ್, ದ್ರಾಕ್ಷಿ ಎರಡೂ ನಾಯಿಗೆ ವಿಷ, ಎರಡನ್ನೂ ಅದು ಆಸೆಯಿಂದಲೇ ತಿನ್ನುತ್ತದೆ.

ಈ ಸಲಹೆಗಳು ಹರಡುವ ಬಗೆಯನ್ನೂ ನೋಡಬೇಕು. ಅಮೆರಿಕದಲ್ಲಿ ಸುಗಂಧ ತೈಲದ ದೊಡ್ಡ ವಹಿವಾಟು ನಡೆಯುವುದು ಪರಿಚಯಸ್ಥರಿಂದ ಪರಿಚಯಸ್ಥರಿಗೆ ಮಾರುವ ಸರಪಳಿಯ ಮೂಲಕ. 2014ರ ಸೆಪ್ಟೆಂಬರಿನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಇಂಥ ತೈಲ ಮಾರುವ ಯಂಗ್ ಲಿವಿಂಗ್ ಮತ್ತು ಡೊಟೆರಾ ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. ಅವುಗಳ ಪರವಾಗಿ ಮಾರುವವರು ಎಬೊಲಾದಂಥ ಮನುಷ್ಯರ ಕಾಯಿಲೆಗಳಿಗೂ ತೈಲವೇ ಮದ್ದು ಎಂದು ಪ್ರಚಾರ ಮಾಡಿದ್ದರು. ನಮ್ಮಲ್ಲಿ ಕಾನೂನಿನ ಚೌಕಟ್ಟೇ ಈ ವಿಷಯದಲ್ಲಿ ಸಡಿಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯು ಪ್ರಾಣಿಗಳ ಔಷಧವನ್ನೂ ಔಷಧವೆಂದೇ ಪರಿಗಣಿಸುತ್ತದೆ, ಆದರೆ ಕಾಂತಿವರ್ಧಕದ ವ್ಯಾಖ್ಯೆಯಲ್ಲಿ ಇರುವುದು ಮನುಷ್ಯ ದೇಹ ಮಾತ್ರ. ಹೀಗಾಗಿ ‘ರೋಗ ವಾಸಿಮಾಡುತ್ತದೆ’ ಎನ್ನದೆ ‘ನೆಮ್ಮದಿ ನೀಡುತ್ತದೆ’ ಎಂದಷ್ಟೇ ಬರೆದುಕೊಂಡ ಸೀಸೆ ಎರಡು ವ್ಯಾಖ್ಯೆಗಳ ನಡುವೆ ಜಾರಿಕೊಳ್ಳಲು ಎಡೆಯಿದೆ. ಯಾವ ತೈಲ, ಶೇಕಡಾ ಎಷ್ಟು, ಎಷ್ಟು ತೂಕದ ನಾಯಿಗೆ ಎಂಬ ಮೂರು ವಿವರಗಳಾದರೂ ಲೇಬಲ್ ಮೇಲೆ ಇರಲೇಬೇಕೆಂದು ಕೇಳುವ ಹಕ್ಕು ಕೊಳ್ಳುವವರಿಗೆ ಇದೆ. ಅವಿಲ್ಲದ ಸೀಸೆಯನ್ನು ಕೊಳ್ಳದಿರುವುದೇ ಒಳ್ಳೆಯದು.

ಪ್ರಮಾಣ ಗೊತ್ತಿದ್ದಾಗ ಈ ತೈಲಗಳಿಗೂ ಒಂದು ಸ್ಥಾನ ಇದ್ದೀತು. ಟೀ ಟ್ರೀ ಎಣ್ಣೆ ಶೇ 10ರಷ್ಟಿರುವ ಮುಲಾಮು ನಾಯಿಯ ಚರ್ಮದ ತುರಿಕೆಗೆ ನೆರವಾಯಿತೆಂದು 2004ರಲ್ಲಿ ಪ್ರಕಟವಾದ ನಿಯಂತ್ರಿತ ಪ್ರಯೋಗವೊಂದು ತೋರಿಸಿದೆ. ಅದು ಹದ ಗೊತ್ತುಮಾಡಿ ತಯಾರಿಸಿದ ಮುಲಾಮು, ಪಶುವೈದ್ಯರ ಕಣ್ಣೆದುರು ಒಂದು ಸಣ್ಣ ಜಾಗಕ್ಕೆ ಹಚ್ಚಿದ್ದು. ಸೀಸೆಯಿಂದ ಅಂದಾಜಿನ ಮೇಲೆ ಹನಿ ಹಾಕುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ.

ಪಟಾಕಿಯ ಭಯಕ್ಕೆ ಇದಕ್ಕಿಂತ ಉತ್ತಮ ದಾರಿಗಳಿವೆ, ಆದರೆ ಅವುಗಳಿಗೆ ಮುಂಚಿತವಾಗಿ ಸಿದ್ಧತೆ ಬೇಕು. ಹಬ್ಬಕ್ಕೆ ಎರಡು ಮೂರು ತಿಂಗಳ ಮೊದಲೇ ಪಟಾಕಿಯ ಸದ್ದಿನ ಧ್ವನಿಮುದ್ರಿಕೆಯನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಆಗೆಲ್ಲ ನಾಯಿಗೆ ಇಷ್ಟವಾದ ತಿಂಡಿ ಕೊಟ್ಟು, ವಾರಗಟ್ಟಲೆ ನಿಧಾನವಾಗಿ ಸದ್ದು ಏರಿಸುತ್ತ ಹೋಗುವುದು ಒಂದು. ಹಬ್ಬದ ಸಂಜೆ ಬೆಳಕಿರುವಾಗಲೇ ಹೊರಗೆ ಸುತ್ತಾಡಿಸಿ ತಂದು, ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಫ್ಯಾನ್ ಅಥವಾ ಟಿವಿಯ ಸದ್ದಿನ ಜೊತೆ ಇರಿಸಿ, ಅದು ಅಡಗಲು ಬಯಸಿದರೆ ಅಡಗಲು ಬಿಟ್ಟು, ಮನೆಯವರೊಬ್ಬರು ಹತ್ತಿರವಿರುವುದು ಇನ್ನೊಂದು. ಭಯ ತೀವ್ರವಾಗಿರುವ ನಾಯಿಗಳಿಗೆ ಔಷಧವೂ ಇದೆ. ಒಸಡಿಗೂ ಕೆನ್ನೆಗೂ ನಡುವೆ ಹಚ್ಚುವ ಡೆಕ್ಸ್‌ಮೆಡೆಟೊಮಿಡಿನ್ ಜೆಲ್‌ಗೆ ಸದ್ದಿನ ಭಯಕ್ಕೆಂದೇ ಅಮೆರಿಕದಲ್ಲಿ ಅನುಮೋದನೆಯಿದೆ. ಟ್ರಾಜೊಡೋನ್, ಗ್ಯಾಬಪೆಂಟಿನ್‌ಗಳನ್ನೂ ಪಶುವೈದ್ಯರು ನಾಯಿಯ ತೂಕ, ಆರೋಗ್ಯ ನೋಡಿ ಬರೆದುಕೊಡುತ್ತಾರೆ. ಮಾತ್ರೆ ಎಂದರೆ ಹಿಂಜರಿಯುವವರು ಎಣ್ಣೆಯನ್ನು ಧೈರ್ಯವಾಗಿ ಹಚ್ಚುವುದು ನನಗೆ ಅರ್ಥವಾಗದ ಸಂಗತಿ. ಮಾತ್ರೆಯ ಪ್ರಮಾಣ ಗೊತ್ತಿದೆ, ಅಡ್ಡಪರಿಣಾಮವೂ ಗೊತ್ತಿದೆ. ಲ್ಯಾವೆಂಡರ್ ವಾಸನೆಯನ್ನು ಬಳಸಲೇಬೇಕೆಂದಿದ್ದರೆ, ಅದನ್ನು ಪಟಾಕಿಯ ದಿನವಷ್ಟೇ ಹೊರತೆಗೆಯುವುದು ಸರಿಯಲ್ಲ. ಹಾಗೆ ಮಾಡಿದರೆ ಆ ವಾಸನೆ ಬಂತೆಂದರೆ ಸದ್ದು ಬರಲಿದೆ ಎಂದು ನಾಯಿ ಕಲಿತುಬಿಡಬಹುದು. ಬೇರೆ ದಿನಗಳಲ್ಲಿ, ಅದು ಊಟ ಮಾಡಿ ಸುಖವಾಗಿ ಮಲಗುವ ಹೊತ್ತಿನಲ್ಲಿ, ದೂರದಲ್ಲಿ ಒಂದು ಬಟ್ಟೆಗೆ ಒಂದು ಹನಿ ಹಾಕಿಟ್ಟು ರೂಢಿ ಮಾಡಿಸಿರಬೇಕು.

ಎಣ್ಣೆ ಮೈಗೆ ತಗುಲಿ ನಾಯಿ ಜೊಲ್ಲು ಸುರಿಸುತ್ತಿದ್ದರೆ ಅಥವಾ ತೂರಾಡುತ್ತಿದ್ದರೆ ಮೊದಲು ಅದನ್ನು ಗಾಳಿಯಾಡುವ ಜಾಗಕ್ಕೆ ಕರೆದೊಯ್ದು, ನೆಕ್ಕಿಕೊಳ್ಳದಂತೆ ತಡೆದು, ಪಾತ್ರೆ ತೊಳೆಯುವ ಸೌಮ್ಯ ದ್ರವ ಸೋಪು ಮತ್ತು ಬೆಚ್ಚಗಿನ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಬರೀ ನೀರಿಗೆ ಈ ಎಣ್ಣೆ ಬಿಡುವುದಿಲ್ಲ. ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು, ಏಕೆಂದರೆ ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಸೇರಿ ನ್ಯುಮೋನಿಯಾ ಆಗುವ ಅಪಾಯ ದೊಡ್ಡದು, ಉಪ್ಪೂ ನಾಯಿಗೆ ವಿಷವೇ. ಇದಕ್ಕೆ ಪ್ರತಿವಿಷವಿಲ್ಲ, ಪಶುವೈದ್ಯರು ಡ್ರಿಪ್ ಹಾಕಿ, ಮೈ ಬೆಚ್ಚಗಿರಿಸಿ, ನಡುಕ ಮತ್ತು ಫಿಟ್ಸ್ ತಡೆಯುತ್ತ ದೇಹ ತಾನಾಗಿ ಎಣ್ಣೆಯನ್ನು ಹೊರಹಾಕುವವರೆಗೆ ನೋಡಿಕೊಳ್ಳುತ್ತಾರೆ. ಬೇಗ ಕರೆದೊಯ್ದರೆ ಹೆಚ್ಚಿನ ನಾಯಿಗಳು ಚೇತರಿಸಿಕೊಳ್ಳುತ್ತವೆ. ಹೋಗುವಾಗ ಸೀಸೆಯನ್ನೂ ಜೊತೆಗೆ ಒಯ್ಯಬೇಕು, ಎಷ್ಟು ಹಚ್ಚಿದೆವು, ಯಾವಾಗ ಹಚ್ಚಿದೆವು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಚಿಕಿತ್ಸೆ ಎಲ್ಲಿಂದ ಶುರುವಾಗಬೇಕೆಂದು ವೈದ್ಯರು ನಿರ್ಧರಿಸುವುದು ಆ ಉತ್ತರದ ಮೇಲೆಯೇ.